ಘಾಜಿ ಜಲಾಂತರ್ಗಾಮಿ: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಫೆಬ್ರವರಿಯಲ್ಲಿ ‘ವಿಶಾಖಪಟ್ಟಣದ ಬಳಿ ಘಾಜಿ ಪತ್ತೆ’ ಅನ್ನುವ ಸುದ್ದಿ ಬಂದ ಮೇಲೆ ನನ್ನನ್ನು ಕೇಳುವವರು ಹೆಚ್ಚಾದರು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಶಾಲೆಯ ಮಕ್ಕಳ ಜೊತೆ ಮಾತಿಗೆ ಕೂತಾಗ, ಓದುಗರ ಕಾಗದಗಳಲ್ಲಿ, ತಿರುತಿರುಗಿ ಬರುವುದು ಇವೇ ಪ್ರಶ್ನೆಗಳು. ಒಂದೇ ಉತ್ತರವನ್ನು ಹತ್ತು ಸಲ ಬರೆಯುವ ಬದಲು ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಘಾಜಿ ಅಂದ್ರೆ ಏನು ಸಾರ್? ನಮ್ಮದಾ, ಪಾಕಿಸ್ತಾನದ್ದಾ?

ಪಾಕಿಸ್ತಾನದ್ದು. ಪಾಕಿಸ್ತಾನ ನೌಕಾಪಡೆಯ ಮೊದಲ ಜಲಾಂತರ್ಗಾಮಿ, ಅಮೆರಿಕದಲ್ಲಿ ಕಟ್ಟಿದ್ದು. ಅದು ಬಂದಾಗ ಭಾರತದ ಬಳಿ ಒಂದೂ ಇರಲಿಲ್ಲ. ಧರ್ಮಕ್ಕಾಗಿ ಹೋರಾಡುವ ಯೋಧನಿಗೆ ಘಾಜಿ ಅನ್ನುತ್ತಾರೆ. 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣ ಬಂದರಿನ ಬಾಗಿಲಲ್ಲೇ ಮುಳುಗಿತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ.

ಉದ್ದ ಸುಮಾರು 95 ಮೀಟರ್. ನಮ್ಮ ಕೆಂಪು ಬಸ್ಸುಗಳನ್ನು ಎಂಟರಷ್ಟು ಸಾಲಾಗಿ ನಿಲ್ಲಿಸಿದ ಹಾಗೆ ಅಂದುಕೊಳ್ಳಿ. ಅಗಲ ಮಾತ್ರ ಎಂಟು ಮೀಟರ್ ಚಿಲ್ಲರೆ. ಟಾರ್ಪಿಡೊ, ಅಂದರೆ ನೀರೊಳಗೆ ಓಡಿಹೋಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ಹಾರಿಸಲು ಮುಂದೆ ಆರು, ಹಿಂದೆ ನಾಲ್ಕು ಕೊಳವೆಗಳು. ಉಳಿದ ಜಾಗದಲ್ಲಿ ಎಂಜಿನ್, ಬ್ಯಾಟರಿ, ಟಾರ್ಪಿಡೊ, ಅಡುಗೆಮನೆ, ಆಮೇಲೆ ಮನುಷ್ಯರು.

ಸಬ್‌ಮರೀನ್ ಅಂದ್ಮೇಲೆ ಯಾವಾಗ್ಲೂ ನೀರೊಳಗೇ ಇರುತ್ತಲ್ವಾ?

ಘಾಜಿಯ ಕಾಲದ್ದು ಹಾಗಲ್ಲ. ಅದು ಡೀಸೆಲ್ ಮತ್ತು ಬ್ಯಾಟರಿಯ ಹಡಗು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು, ನೀರೊಳಗೆ ಗಾಳಿ ಇಲ್ಲ. ಹಾಗಾಗಿ ಮೇಲಿದ್ದಾಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಕೊಳ್ಳುವುದು, ಕೆಳಗಿಳಿದಾಗ ಆ ಬ್ಯಾಟರಿಯಲ್ಲಿ ಓಡುವುದು. ನೀರಿನ ಮೇಲೆ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗವಿದ್ದರೆ ಒಳಗೆ ಒಂಬತ್ತರ ಒಳಗೆ. ಬ್ಯಾಟರಿ ಉಳಿಸಿಕೊಂಡು ಬಹಳ ನಿಧಾನಕ್ಕೆ ತೆವಳಿದರೆ ಎರಡು ದಿನ ನೀರೊಳಗಿರಬಹುದು, ಅಷ್ಟೇ. ಆಮೇಲೆ ಚಾರ್ಜ್ ಮಾಡಲೇಬೇಕು. ಸಾಮಾನ್ಯವಾಗಿ ಅದಕ್ಕೆ ಆರಿಸಿಕೊಳ್ಳುವುದು ರಾತ್ರಿಯ ಕತ್ತಲನ್ನು. ಮುಂದೆ ಕಾರಣಗಳ ಮಾತು ಬಂದಾಗ ಇದು ಬೇಕಾಗುತ್ತದೆ.

ಸಿನಿಮಾದಲ್ಲಿ ನಮ್ಮ ಸಬ್‌ಮರೀನೇ ಅದನ್ನ ಹೊಡೆದು ಮುಳುಗಿಸ್ತು. ನಿಜಾನಾ?

ಇಲ್ಲ. ಭಾರತದ ಯಾವ ಜಲಾಂತರ್ಗಾಮಿಯೂ ಘಾಜಿಯನ್ನು ಮುಳುಗಿಸಿಲ್ಲ. ಭಾರತದ ಅಧಿಕೃತ ವಿವರಣೆಯಲ್ಲೂ ಬರುವುದು ಡಿಸ್ಟ್ರಾಯರ್ ಅನ್ನುವ ಬಗೆಯ ಒಂದು ಹಳೇ ಯುದ್ಧನೌಕೆ, ಐಎನ್‌ಎಸ್ ರಜಪೂತ್. ನೀರೊಳಗೆ ಎರಡು ಜಲಾಂತರ್ಗಾಮಿಗಳು ಎದುರುಬದುರಾಗಿ ಗುದ್ದಾಡುವುದು ಪರದೆಗೆ ಚೆನ್ನ. ನಿಜವಾಗಿ ನಡೆದದ್ದರಲ್ಲಿ ಅಷ್ಟು ಸದ್ದಿಲ್ಲ, ಆದರೆ ಕುತೂಹಲ ಅದಕ್ಕಿಂತ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ.

## ಹುಟ್ಟು ಮತ್ತು ಸೇವೆ

ಅಮೆರಿಕದ ಹಡಗು ಅಂತೀರಿ. ಪಾಕಿಸ್ತಾನಕ್ಕೆ ಹೇಗೆ ಹೋಯ್ತು?

ಹುಟ್ಟಿದ್ದು ಅಮೆರಿಕದ ಪೋರ್ಟ್ಸ್‌ಮತ್ ನೌಕಾಕಟ್ಟೆಯಲ್ಲಿ, ಎರಡನೇ ಮಹಾಯುದ್ಧಕ್ಕಾಗಿ. 1944ರ ಡಿಸೆಂಬರ್ 1ರಂದು ನೀರಿಗಿಳಿಯಿತು, 1945ರ ಮಾರ್ಚ್ 31ರಂದು ‘ಯುಎಸ್‌ಎಸ್ ಡಿಯಾಬ್ಲೊ’ ಎಂಬ ಹೆಸರಲ್ಲಿ ಸೇವೆಗೆ ಸೇರಿತು. ಟೆಂಚ್ ವರ್ಗದ ಹಡಗು. ಸ್ಪ್ಯಾನಿಷ್‌ನಲ್ಲಿ ಡಿಯಾಬ್ಲೊ ಅಂದರೆ ದೆವ್ವ.

ಆದರೆ ಈ ದೆವ್ವಕ್ಕೆ ಯುದ್ಧ ಸಿಗಲೇ ಇಲ್ಲ. ಜುಲೈನಲ್ಲಿ ಪರ್ಲ್ ಹಾರ್ಬರ್ ತಲುಪಿ, ಆಗಸ್ಟ್ 10ರಂದು ಮೊದಲ ಯುದ್ಧಯಾನಕ್ಕೆ ಹೊರಟು, ದಾರಿಯಲ್ಲಿರುವಾಗಲೇ ಜಪಾನ್ ಜೊತೆ ಕದನ ನಿಂತಿತು. ಆಮೇಲೆ ಇಪ್ಪತ್ತು ವರ್ಷದ ಹತ್ತಿರ ಅಭ್ಯಾಸ, ತರಬೇತಿ, ಗಸ್ತು. 1964ರ ಜೂನ್ 1ರಂದು ಅಮೆರಿಕ ಅದನ್ನು ಗುತ್ತಿಗೆಯ ಮೇಲೆ ಪಾಕಿಸ್ತಾನಕ್ಕೆ ಕೊಟ್ಟಿತು. ಆಗ ಪಾಕಿಸ್ತಾನ ಅಮೆರಿಕದ ಕೂಟದಲ್ಲಿತ್ತು. ಯಾರ ವಿರುದ್ಧ ಕಟ್ಟಿದರೋ ಅವರ ಮೇಲೆ ಒಂದು ಟಾರ್ಪಿಡೊ ಬಿಡದ ಹಡಗು ಕೊನೆಗೆ ಯುದ್ಧ ಕಂಡದ್ದು ನಮ್ಮ ಕಡಲಲ್ಲಿ.

1965ರಲ್ಲಿ ಅದು ನಮ್ಮ ಬ್ರಹ್ಮಪುತ್ರ ಹಡಗನ್ನ ಮುಳುಗಿಸಿತ್ತಂತೆ, ಹೌದಾ?

ಅದು ಪಾಕಿಸ್ತಾನದ ಹೇಳಿಕೆ. 1965ರ ಯುದ್ಧದಲ್ಲಿ ಇಡೀ ಉಪಖಂಡಕ್ಕೆ ಘಾಜಿ ಒಂದೇ ಜಲಾಂತರ್ಗಾಮಿ. ಕಮಾಂಡರ್ ಕರಾಮತ್ ರೆಹಮಾನ್ ನಿಯಾಜಿ ಅದರ ನಾಯಕ. ಸೆಪ್ಟೆಂಬರ್ 22ರಂದು ಐಎನ್‌ಎಸ್ ಬ್ರಹ್ಮಪುತ್ರದ ಮೇಲೆ ಟಾರ್ಪಿಡೊ ಹಾರಿಸಿ, ಸ್ಫೋಟದ ಸದ್ದು ಕೇಳಿ, ಗುರಿ ತಾಗಿತು ಅಂದುಕೊಂಡರು. ತಾಗಿರಲಿಲ್ಲ. ಬ್ರಹ್ಮಪುತ್ರ ಆಮೇಲೂ ಹಲವು ವರ್ಷ ಸೇವೆಯಲ್ಲಿತ್ತು, 1971ರ ಯುದ್ಧದಲ್ಲೂ ಇತ್ತು.

ಆದರೂ ಘಾಜಿ ತನ್ನ ಕೆಲಸ ಮಾಡಿತ್ತು. ಎಲ್ಲೋ ಒಂದು ಜಲಾಂತರ್ಗಾಮಿ ಇದೆ ಅನ್ನುವುದು ಗೊತ್ತಿದ್ದರೆ ಸಾಕು, ಎದುರಿನವರು ಪ್ರತಿ ಹೆಜ್ಜೆಯನ್ನೂ ಎಚ್ಚರದಿಂದ ಇಡಬೇಕಾಗುತ್ತದೆ.

ಅಷ್ಟು ಹಳೇದನ್ನ ಕರಾಚಿಯಿಂದ ಬಂಗಾಳ ಕೊಲ್ಲಿವರೆಗೆ ಯಾಕೆ ಕಳಿಸಿದ್ರು? ಹೊಸದು ಇರ್ಲಿಲ್ವಾ?

ಇದ್ದವು. ಫ್ರಾನ್ಸಿನಿಂದ ತಂದ ಡಾಫ್ನೆ ವರ್ಗದ ಮೂರು: ಹ್ಯಾಂಗೋರ್, ಶುಶುಕ್, ಮ್ಯಾಂಗ್ರೊ. ಹೊಸವು, ಸದ್ದು ಕಡಿಮೆ, ಆದರೆ ಗಾತ್ರ ಚಿಕ್ಕದು. ಇಂಧನ ಅಷ್ಟು ದೂರಕ್ಕೆ ಸಾಲದು. ಭಾರತವನ್ನು ಸುತ್ತಿ ಬಂಗಾಳ ಕೊಲ್ಲಿ ಸೇರಿ, ಅಲ್ಲಿ ವಾರಗಟ್ಟಲೆ ಕಾದು, ಮತ್ತೆ ಮರಳುವ ಶಕ್ತಿ ಇದ್ದದ್ದು ಘಾಜಿಗೆ ಮಾತ್ರ. ಹತ್ತು ನಾಟ್ ವೇಗದಲ್ಲಿ ಹನ್ನೊಂದು ಸಾವಿರ ನಾಟಿಕಲ್ ಮೈಲಿ ಹೋಗಬಲ್ಲ ಹಡಗು ಅದು.

ವಯಸ್ಸಾಗಿತ್ತು ಅನ್ನುವುದೂ ನಿಜ. ದೊಡ್ಡ ರಿಪೇರಿಗೆ ಟರ್ಕಿಯ ಗೋಲ್ಚುಕ್‌ಗೆ ಒಯ್ದಿದ್ದರು. 1967ರಿಂದ ಸೂಯೆಜ್ ಕಾಲುವೆ ಮುಚ್ಚಿತ್ತು, ಹಾಗಾಗಿ ಇಡೀ ಆಫ್ರಿಕಾವನ್ನು ಬಳಸಿ ಹೋಗಬೇಕಾಯಿತು. ಆ ರಿಪೇರಿಯಲ್ಲೇ ಸಮುದ್ರದಲ್ಲಿ ಮೈನ್, ಅಂದರೆ ಹಡಗು ಬಂದಾಗ ಸಿಡಿಯುವ ಬಾಂಬು, ಹಾಕುವ ಅನುಕೂಲವೂ ಸೇರಿತು. ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಚಿತ್ತಗಾಂಗಿನಲ್ಲಿ ಜಲಾಂತರ್ಗಾಮಿಗೆ ಬೇಕಾದ ರಿಪೇರಿ ವ್ಯವಸ್ಥೆ ಇರಲಿಲ್ಲ. ಅಂದರೆ ಮನೆಯಿಂದ ಅಷ್ಟು ದೂರದಲ್ಲಿ ಕೆಟ್ಟರೆ ಕೆಟ್ಟಿತು.

## ಬೇಟೆ ಮತ್ತು ಆ ರಾತ್ರಿ

ಘಾಜಿ ಹುಡುಕ್ತಿದ್ದದ್ದು ವಿಕ್ರಾಂತ್‌ನ ಅಲ್ವಾ? ಆಗ ವಿಕ್ರಾಂತ್ ಎಲ್ಲಿತ್ತು?

ನಮ್ಮ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಆಗ ಅಂಡಮಾನಿನಲ್ಲಿತ್ತು. ಘಾಜಿ ಬೇರೆ ಕಡೆ ಹುಡುಕುತ್ತಿತ್ತು.

ಕಮಾಂಡರ್ ಜಫರ್ ಮುಹಮ್ಮದ್ ಖಾನ್ ನಾಯಕತ್ವದಲ್ಲಿ ಘಾಜಿ ಕರಾಚಿ ಬಿಟ್ಟದ್ದು 1971ರ ನವೆಂಬರ್ 14ರಂದು. 19ಕ್ಕೆ ಸಿಂಹಳದ ಬಳಿ, 20ಕ್ಕೆ ಬಂಗಾಳ ಕೊಲ್ಲಿ, 23ರಿಂದ ಮದ್ರಾಸಿನ ಎದುರು ಹುಡುಕಾಟ. ಅಷ್ಟರಲ್ಲಿ ವಿಕ್ರಾಂತ್ ಆ ಕಡೆಯಿಂದ ಹೋಗಿ ಹತ್ತು ದಿನವಾಗಿತ್ತು.

ವಿಕ್ರಾಂತ್‌ನ ಆರೋಗ್ಯವೂ ನೆಟ್ಟಗಿರಲಿಲ್ಲ. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಪೂರ್ತಿ ವೇಗದಲ್ಲಿ ಓಡುವ ಹಾಗಿರಲಿಲ್ಲ. ವೇಗ ಕಳೆದುಕೊಂಡ ವಿಮಾನವಾಹಕ ಹಡಗು ಜಲಾಂತರ್ಗಾಮಿಗೆ ಒಳ್ಳೇ ಬೇಟೆ. ಅದಕ್ಕೇ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅದನ್ನು ಅಂಡಮಾನಿನ ಮರೆಯಲ್ಲಿ ಇಟ್ಟು, ವಿಶಾಖಪಟ್ಟಣದಲ್ಲಿ ಒಂದು ನಾಟಕ ಹೂಡಿದರು. ರಜಪೂತ್ ಹಡಗು ವಿಕ್ರಾಂತ್‌ನ ವೇಷ ಹಾಕಿತು. ದೊಡ್ಡ ಹಡಗಿನಷ್ಟು ರೇಡಿಯೊ ಸಂದೇಶ ಕಳಿಸಿತು. ಇಡೀ ನೌಕಾದಳಕ್ಕೆ ಬೇಕಾಗುವಷ್ಟು ಮಾಂಸ, ತರಕಾರಿ, ದಿನಸಿಗೆ ಊರಿನ ಗುತ್ತಿಗೆದಾರರಲ್ಲಿ ಆರ್ಡರ್ ಹೋಯಿತು. ಮಾರುಕಟ್ಟೆಗೆ ಕಿವಿ ಇದೆ, ಗೂಢಚಾರರಿಗೆ ಮಾರುಕಟ್ಟೆ ಗೊತ್ತು ಅನ್ನುವ ಲೆಕ್ಕ. ನನಗೆ ತುಂಬ ಇಷ್ಟವಾದದ್ದು ಇನ್ನೊಂದು: ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತನ್ನ ತಾಯಿಯ ಯೋಗಕ್ಷೇಮ ಕೇಳುವ ತಂತಿಯನ್ನು, ನಿಯಮ ಮೀರಿ ಅನ್ನುವ ಹಾಗೆ, ಗುಟ್ಟಿಲ್ಲದ ದಾರಿಯಲ್ಲಿ ಕಳಿಸಿದ್ದರು. ದೊಡ್ಡ ಸುಳ್ಳನ್ನು ನಂಬಿಸಲು ಮನೆಮಂದಿಯ ಸಣ್ಣ ಚಿಂತೆ ಸಾಕಾಯಿತು.

ಘಾಜಿ ಈ ಕಡೆ ಬಂದಿದೆ ಅಂತ ನಮ್ಮವರಿಗೆ ಹೇಗೆ ತಿಳೀತು? ಗೂಢಚಾರರಾ?

ಎಣ್ಣೆ. ಕರಾಚಿಯಿಂದ ಚಿತ್ತಗಾಂಗಿನ ನೌಕಾ ಅಧಿಕಾರಿಗೆ ಹೋದ ಒಂದು ಸಂದೇಶ ಭಾರತದ ಕಿವಿಗೆ ಬಿತ್ತು. ಒಂದು ಬಗೆಯ ಲೂಬ್ರಿಕೇಟಿಂಗ್ ಎಣ್ಣೆ ಅಲ್ಲಿ ಸಿಗುತ್ತದೆಯೇ ಅನ್ನುವ ವಿಚಾರಣೆ ಅದು. ಆ ಎಣ್ಣೆ ಬಳಸುವುದು ಜಲಾಂತರ್ಗಾಮಿಗಳು ಮತ್ತು ಮೈನ್ ತೆಗೆಯುವ ಹಡಗುಗಳು ಮಾತ್ರ. ಪೂರ್ವ ಪಾಕಿಸ್ತಾನದಲ್ಲಿ ಮೈನ್ ತೆಗೆಯುವ ಹಡಗು ಇರಲಿಲ್ಲ. ಇಷ್ಟು ದೂರ ಬರಬಲ್ಲ ಜಲಾಂತರ್ಗಾಮಿ ಒಂದೇ. ಉಳಿದದ್ದು ಕೂಡಿಸುವ ಲೆಕ್ಕ.

ಡಿಸೆಂಬರ್ 3ರ ರಾತ್ರಿ ಏನಾಯ್ತು, ಸರಿಯಾಗಿ ಹೇಳಿ.

ಆ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಯುದ್ಧ ಅಧಿಕೃತವಾಗಿ ಶುರು. ವಿಶಾಖಪಟ್ಟಣದಲ್ಲಿ ರಜಪೂತ್ ಹಡಗನ್ನು ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ನಡುರಾತ್ರಿಯ ಹೊತ್ತಿಗೆ ಬಂದರಿನಿಂದ ಹೊರತಂದರು. ಬಂದರಿನ ಕಾಲುವೆ ಕಿರಿದು, ಅಲ್ಲಿ ಆಚೀಚೆ ತಿರುಗಲು ಜಾಗವಿಲ್ಲ. ಹೊರಗೆ ಶತ್ರು ಕಾದಿದ್ದರೆ ಅತ್ಯಂತ ಅಪಾಯದ ಜಾಗ ಅದೇ. ದಾರಿ ತೋರಿಸುವ ಪೈಲಟ್ ಇಳಿದ ಮೇಲೆ ಹಡಗು ವೇಗ ಹೆಚ್ಚಿಸಿತು.

ಮುಂದೆ ಒಂದು ಕಡೆ ನೀರು ಕಲಕಿದಂತೆ ಕಾವಲಿನವನಿಗೆ ಕಂಡಿತು. ಜಲಾಂತರ್ಗಾಮಿ ಮುಳುಗುವಾಗ ನೀರು ಹಾಗೆ ಕಲಕುತ್ತದೆ. ಹಡಗನ್ನು ಅತ್ತ ನುಗ್ಗಿಸಿ ಎರಡು ಡೆಪ್ತ್ ಚಾರ್ಜ್ ಬಿಟ್ಟರು. ಡೆಪ್ತ್ ಚಾರ್ಜ್ ಅಂದರೆ ಸಿಡಿಮದ್ದು ತುಂಬಿದ ಪೀಪಾಯಿ. ಇಂತಿಷ್ಟು ಆಳ ಅಂತ ಮೊದಲೇ ಹೊಂದಿಸಿರುತ್ತಾರೆ, ಅಷ್ಟು ಆಳದ ನೀರಿನ ಒತ್ತಡ ತಾಗಿದಾಗ ಸಿಡಿಯುತ್ತದೆ. ಕೆಲವು ನಿಮಿಷದ ಮೇಲೆ ಭಾರಿ ಸ್ಫೋಟ. ದಡದ ಮನೆಗಳ ಕಿಟಕಿ ಗಾಜು ಅದುರಿದವು, ಭೂಕಂಪ ಅಂದುಕೊಂಡವರೂ ಇದ್ದರು. ಕತ್ತಲಲ್ಲಿ ಅವಶೇಷವೇನೂ ಕಾಣಲಿಲ್ಲ. ರಜಪೂತ್ ತನ್ನ ದಾರಿ ಹಿಡಿಯಿತು.

ಇದು ಭಾರತದ ನಿರೂಪಣೆ.

ಮುಳುಗಿದ್ದು ಘಾಜಿಯೇ ಅಂತ ಹೇಗೆ ಖಾತ್ರಿ ಆಯ್ತು?

ಮೊದಲ ಸುಳಿವು ತಂದವರು ಮೀನುಗಾರರು. ಬಲೆ ಬೀಸಲು ಹೋದವರಿಗೆ ತೇಲುತ್ತಿದ್ದ ವಸ್ತುಗಳು ಸಿಕ್ಕವು, ಅದರಲ್ಲಿ ಜೀವರಕ್ಷಕ ಅಂಗಿಯೂ ಇತ್ತು. ನೌಕಾಪಡೆಯ ಮುಳುಗುಗಾರರು ಇಳಿದು, ತಳದಲ್ಲಿ ಮುಂಭಾಗ ಒಡೆದು ಬಿದ್ದ ಜಲಾಂತರ್ಗಾಮಿಯನ್ನು ಕಂಡರು. ಒಳಗಿನಿಂದ ತಂದ ಕಾಗದಪತ್ರಗಳಿಂದಲೇ ಅದರ ಪಯಣದ ದಿನಾಂಕಗಳು ನಮಗೆ ಗೊತ್ತಾದದ್ದು. ಡಿಸೆಂಬರ್ 9ರಂದು ಭಾರತ ಸುದ್ದಿ ಪ್ರಕಟಿಸಿತು.

ಅದೇ 9ರ ರಾತ್ರಿ ಅರಬ್ಬಿ ಸಮುದ್ರದಲ್ಲಿ, ದಿಯು ಆಚೆ, ಹ್ಯಾಂಗೋರ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನ ಜೊತೆಗೇ ಉಳಿದರು. ಘಾಜಿಯ ಕತೆ ಹೇಳುವಾಗ ನಾನು ಇದನ್ನು ಬಿಡುವುದಿಲ್ಲ. ಎರಡೂ ಕಡೆಯ ಮನೆಗಳಲ್ಲಿ ಕಾದು ಕೂತವರಿದ್ದರು.

## ಕಾರಣದ ಜಗಳ

ಸುತ್ತಿ ಬಳಸಿ ಹೇಳ್ಬೇಡಿ. ಕೊನೆಗೂ ಮುಳುಗಿಸಿದ್ದು ಯಾರು?

ನಾಲ್ಕು ವಾದಗಳಿವೆ. ಒಂದು, ರಜಪೂತ್‌ನ ಡೆಪ್ತ್ ಚಾರ್ಜ್. ಭಾರತದ ಅಧಿಕೃತ ನಿಲುವು ಇದೇ. ಎರಡು, ಘಾಜಿ ತಾನೇ ಹಾಕಿದ ಮೈನಿಗೆ ತಾನೇ ಸಿಕ್ಕಿತು. ಪಾಕಿಸ್ತಾನದ ಕಡೆ ಹೆಚ್ಚು ಕೇಳುವುದು ಇದು. ಮೂರು, ಬ್ಯಾಟರಿಯ ಹೈಡ್ರೋಜನ್ ಒಳಗೇ ಸಿಡಿಯಿತು. ನಾಲ್ಕು, ಹೊರಗಿನ ಪೆಟ್ಟು, ಒಳಗಿನ ಸ್ಫೋಟ ಎರಡೂ ಸೇರಿದ್ದು: ಡೆಪ್ತ್ ಚಾರ್ಜಿನ ಆಘಾತಕ್ಕೆ ಮುಂಭಾಗದಲ್ಲಿದ್ದ ಮೈನ್ ಅಥವಾ ಟಾರ್ಪಿಡೊ ಸಿಡಿದದ್ದು.

ಯಾವುದನ್ನು ನಂಬಬೇಕು ಅನ್ನುವುದಕ್ಕಿಂತ ಮೊದಲು ಲೋಹ ಏನು ಹೇಳುತ್ತದೆ ನೋಡಬೇಕು. ಒಡೆದಿರುವುದು ಮುಂಭಾಗ, ಟಾರ್ಪಿಡೊ ಇಡುವ ಕಡೆ. ಅಲ್ಲಿಯ ತಗಡು ಹೊರಕ್ಕೆ ಬಾಗಿದೆ ಅನ್ನುವುದು ಮುಳುಗುಗಾರರ ಮಾತಾಗಿ ಭಾರತೀಯ ಅಧಿಕಾರಿಗಳ ಬರಹಗಳಲ್ಲೇ ಬಂದಿದೆ. ಹೊರಗಿನ ಪೆಟ್ಟಿಗೆ ತಗಡು ಒಳಕ್ಕೆ ಹೋಗಬೇಕು, ಒಳಗಿನ ಸ್ಫೋಟಕ್ಕೆ ಹೊರಕ್ಕೆ ಬರಬೇಕು. ಕುಕ್ಕರ್ ಸಿಡಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಷ್ಟರಿಂದ ರಜಪೂತ್‌ಗೆ ಸಂಬಂಧವೇ ಇಲ್ಲ ಅಂತಲೂ ಆಗುವುದಿಲ್ಲ. ಒಳಗಿನ ಮದ್ದಿಗೆ ಕಿಡಿ ಕೊಟ್ಟದ್ದು ಯಾವುದು ಅನ್ನುವುದು ಹಾಗೇ ಉಳಿಯುತ್ತದೆ.

ಭಾರತದ ಕಡೆಯಲ್ಲೂ ಎಲ್ಲರದ್ದೂ ಒಂದೇ ಮಾತಲ್ಲ. ಭೂಸೇನೆಯ ಪೂರ್ವ ಕಮಾಂಡಿನಲ್ಲಿದ್ದ ಲೆಫ್ಟಿನೆಂಟ್ ಜನರಲ್ ಜೆ.ಎಫ್.ಆರ್. ಜೇಕಬ್ ಅವರು ಘಾಜಿ ಅಪಘಾತದಿಂದ ಮುಳುಗಿತು, ಅದರ ಅವಶೇಷ ಸಿಕ್ಕ ಸುದ್ದಿ ತಮಗೆ ಯುದ್ಧ ಶುರುವಾಗುವ ಮೊದಲೇ ಬಂದಿತ್ತು ಅಂತ ಬರೆದಿದ್ದಾರೆ. ನೌಕಾಪಡೆಯ ನಿವೃತ್ತ ಹಿರಿಯರಲ್ಲೂ ಹೈಡ್ರೋಜನ್ ವಾದವನ್ನು ಎತ್ತಿದವರಿದ್ದಾರೆ.

ನನ್ನನ್ನು ಕೇಳಿದರೆ ನಾಲ್ಕನೆಯದ್ದು ಹೆಚ್ಚು ಒಪ್ಪುವಂಥದ್ದು. ಸಾಕ್ಷಿ ಮುಂದಿಟ್ಟು ಸಾಧಿಸು ಅಂದರೆ ಸಾಧಿಸಲಾರೆ.

ಬ್ಯಾಟರಿ ಗ್ಯಾಸಿಗೆ ಅಷ್ಟು ದೊಡ್ಡ ಹಡಗು ಒಡೆಯುತ್ತಾ? ನಂಬೋ ಮಾತಾ?

ಮನೆಯ ಯುಪಿಎಸ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತೀರಲ್ಲ, ಆ ನೀರು ಎಲ್ಲಿಗೆ ಹೋಗುತ್ತದೆ? ಚಾರ್ಜ್ ಆಗುವಾಗ ಅದರಲ್ಲಿ ಒಂದಿಷ್ಟು ಒಡೆದು ಹೈಡ್ರೋಜನ್, ಆಮ್ಲಜನಕ ಆಗುತ್ತದೆ. ಅದಕ್ಕೇ ಬ್ಯಾಟರಿಯನ್ನು ಗಾಳಿಯಾಡುವ ಕಡೆ ಇಡಿ ಅನ್ನುವುದು. ಘಾಜಿಯಲ್ಲಿದ್ದದ್ದು ಅದೇ ಜಾತಿಯ ಸೀಸ ಮತ್ತು ಆಮ್ಲದ ಬ್ಯಾಟರಿ. ಟೆಂಚ್ ವರ್ಗದ ಹಡಗಿನಲ್ಲಿ ಅಂಥ ದೈತ್ಯ ಸೆಲ್‌ಗಳು 252. ಕಿಟಕಿ ಇಲ್ಲದ ಉಕ್ಕಿನ ಕೊಳವೆಯಲ್ಲಿ ಗಾಳಿಗೆ ನೂರಕ್ಕೆ ನಾಲ್ಕರಷ್ಟು ಹೈಡ್ರೋಜನ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೇರೆ ದೇಶಗಳ ಜಲಾಂತರ್ಗಾಮಿಗಳಲ್ಲಿ ಈ ಬಗೆಯ ಅನಾಹುತ ಆಗಿದೆ.

ಆದರೆ ಊರಿನ ಕಿಟಕಿ ಅದುರಿಸಿದ್ದು ಬರೀ ಗ್ಯಾಸ್ ಇರಲಾರದು. ಮೊದಲ ಬೆಂಕಿ ಯಾವುದೇ ಇರಲಿ, ಕೊನೆಗೆ ಮಾತಾಡಿದ್ದು ಮುಂದಿನ ಕೋಣೆಯ ಮದ್ದು.

ನೌಕಾಪಡೆಯ ಫೈಲ್ ತೆಗೆದು ನೋಡಿದ್ರೆ ಮುಗೀತಲ್ಲ?

2010ರಲ್ಲಿ ಪತ್ರಿಕೆಗಳಲ್ಲಿ ಬಂದದ್ದೇ ಅದು: ಘಾಜಿಗೆ ಸಂಬಂಧಿಸಿದ ಆ ಕಾಲದ ಕಡತಗಳನ್ನು ಹಿಂದೆಯೇ ನಾಶಮಾಡಲಾಗಿದೆ ಎಂದು. ಹಳೇ ಕಡತ ವಿಲೇವಾರಿ ಮಾಡುವುದು ಕಚೇರಿಗಳ ಮಾಮೂಲಿ ಪದ್ಧತಿ. ಇದೊಂದನ್ನು ಇಟ್ಟುಕೊಳ್ಳಬೇಕಿತ್ತು.

## ಮತ್ತೆ ಸಿಕ್ಕಿದ್ದು

ಐವತ್ತು ವರ್ಷ ಸಿಗದೇ ಇದ್ದದ್ದು ಈಗ ಹೇಗೆ ಸಿಕ್ತು?

ಇಲ್ಲೇ ಹೆಚ್ಚಿನವರು ಎಡವುವುದು. ಸಿಗದೇ ಇರಲಿಲ್ಲ. 1971ರ ಡಿಸೆಂಬರ್ ಮೊದಲ ವಾರದಲ್ಲೇ ನಮ್ಮವರು ಅದನ್ನು ಮುಟ್ಟಿ ಬಂದಿದ್ದರು. 2003ರಲ್ಲಿ ನೌಕಾಪಡೆಯ ಮುಳುಗುಗಾರರು ಮತ್ತೆ ಇಳಿದು ಕೆಲವು ವಸ್ತು ತಂದರು. 2024ರಲ್ಲಿ ಆದದ್ದು ಹೊಸ ಯಂತ್ರದಿಂದ ನಿಖರವಾಗಿ ಗುರುತಿಸಿದ್ದು, ದಡದಿಂದ ಎರಡು, ಎರಡೂವರೆ ಕಿಲೋಮೀಟರಿನಲ್ಲಿ. ‘ಪತ್ತೆ’ ಅನ್ನುವ ತಲೆಬರಹ ನೋಡಿ ಕಳೆದುಹೋದದ್ದು ಸಿಕ್ಕಿತು ಅಂದುಕೊಳ್ಳುತ್ತೇವೆ. ಎಲ್ಲಿದೆ ಅನ್ನುವುದು ಯಾವತ್ತೂ ದೊಡ್ಡ ಗುಟ್ಟಾಗಿರಲಿಲ್ಲ, ಹೇಗೆ ಅನ್ನುವುದೇ ಗುಟ್ಟು. ಅದಕ್ಕೆ 2024ರ ಪತ್ತೆಯಿಂದ ಹೊಸ ಉತ್ತರ ಹೊರಬಂದಿಲ್ಲ.

ಹೊಸ ಯಂತ್ರ ಅಂದ್ರಲ್ಲ, ಡಿಎಸ್‌ಆರ್‌ವಿ, ಅದೇನು?

ಆಳದಲ್ಲಿ ಸಿಕ್ಕಿಬಿದ್ದ ಜಲಾಂತರ್ಗಾಮಿಯಿಂದ ಜನರನ್ನು ಬದುಕಿಸಿ ತರುವ ಪುಟ್ಟ ನೌಕೆ. 2018ರಲ್ಲಿ ಭಾರತಕ್ಕೆ ಬಂತು. 650 ಮೀಟರ್ ಆಳದವರೆಗೆ ಇಳಿದು, ಕೆಟ್ಟು ನಿಂತ ಹಡಗಿನ ಬಾಗಿಲಿಗೆ ಕಚ್ಚಿಕೊಂಡು, ಒಮ್ಮೆಗೆ ಹದಿನಾಲ್ಕು ಜನರನ್ನು ಮೇಲಕ್ಕೆ ತರಬಲ್ಲದು. ಅದರ ಜೊತೆ ಸೋನಾರ್ ಇರುತ್ತದೆ: ಶಬ್ದ ಬಿಟ್ಟು, ತಳಕ್ಕೆ ಬಡಿದು ಮರಳುವ ಪ್ರತಿಧ್ವನಿಯಿಂದ ಚಿತ್ರ ಬರೆಯುವ ಉಪಕರಣ. ಮೆತ್ತನೆಯ ಕೆಸರು ಶಬ್ದವನ್ನು ಮಂಕಾಗಿ ಮರಳಿಸುತ್ತದೆ, ಉಕ್ಕು ಜೋರಾಗಿ.

ಅಲ್ಲೇ ಹತ್ತಿರ ಜಪಾನಿನ ಸಬ್‌ಮರೀನ್ ಕೂಡ ಇದೆಯಂತೆ?

ಇದೆ, ಆರ್‌ಒ-110. 1944ರ ಫೆಬ್ರವರಿ 11ರಂದು ಕೊಲಂಬೊದಿಂದ ಕಲ್ಕತ್ತೆಗೆ ಹೋಗುತ್ತಿದ್ದ ಹಡಗುಗಳ ಸಾಲಿನ ಮೇಲೆ ಬಿದ್ದು ‘ಆಸ್ಫೇಲಿಯನ್’ ಎಂಬ ಬ್ರಿಟಿಷ್ ಹಡಗಿಗೆ ಟಾರ್ಪಿಡೊ ಹೊಡೆಯಿತು. ಬೆಂಗಾವಲಿಗಿದ್ದ ಭಾರತದ ಜಮುನಾ, ಆಸ್ಟ್ರೇಲಿಯಾದ ಲಾನ್ಸೆಸ್ಟನ್ ಮತ್ತು ಇಪ್ಸ್‌ವಿಚ್ ಸೇರಿ ಅದನ್ನು ಮುಳುಗಿಸಿದವು. ಘಾಜಿಯನ್ನು ಗುರುತಿಸಿದ ತಂಡವೇ ಇದನ್ನೂ ಗುರುತಿಸಿತು. ಒಂದೇ ಊರಿನ ಎದುರು, ಎರಡು ಯುದ್ಧಗಳ ಎರಡು ಜಲಾಂತರ್ಗಾಮಿಗಳು.

ಮೇಲಕ್ಕೆತ್ತಿ ಮ್ಯೂಸಿಯಂ ಮಾಡಬಾರದಾ? ಕಬ್ಬಿಣಕ್ಕೇ ಕೋಟಿ ಬರುತ್ತಲ್ಲ!

ಎತ್ತಿಕೊಡುತ್ತೇವೆ ಅಂತ ಯುದ್ಧದ ಬೆನ್ನಲ್ಲೇ ಅಮೆರಿಕ, ಸೋವಿಯತ್ ಎರಡೂ ಮುಂದೆ ಬಂದಿದ್ದವಂತೆ, ಅದೂ ತಮ್ಮ ಖರ್ಚಿನಲ್ಲಿ. ಒಬ್ಬರಿಗೆ ತಾವು ಕೊಟ್ಟ ಹಡಗು, ಇನ್ನೊಬ್ಬರಿಗೆ ಎದುರಾಳಿಯ ಹಡಗಿನೊಳಗೆ ಕಣ್ಣು ಹಾಯಿಸುವ ಅವಕಾಶ. ಭಾರತ ಒಪ್ಪಲಿಲ್ಲ.

ಈಗಲೂ ನೌಕಾಪಡೆ ಅದನ್ನು ಮುಟ್ಟುವುದಿಲ್ಲ ಅಂದಿದೆ, ಸತ್ತ ಯೋಧರಿಗೆ ಗೌರವವಾಗಿ. ಸಮುದ್ರದವರ ಲೋಕದಲ್ಲಿ ಇದು ಹಳೇ ರೂಢಿ: ಮುಳುಗಿದ ಯುದ್ಧನೌಕೆ ಒಳಗಿರುವವರ ಗೋರಿ. ಕೋಟಿಯ ಲೆಕ್ಕ ಕೇಳಿದ ಹುಡುಗನಿಗೆ ನಾನು ಮರುಪ್ರಶ್ನೆ ಹಾಕಿದೆ, ಖುಕ್ರಿಯನ್ನು ಪಾಕಿಸ್ತಾನದವರು ಎತ್ತಿ ಗುಜರಿಗೆ ಹಾಕಿದರೆ ನಿನಗೆ ಹೇಗನ್ನಿಸುತ್ತದೆ ಅಂತ. ತಲೆ ಕೆರೆದುಕೊಂಡ.

ವೈಜಾಗ್‌ಗೆ ಹೋಗ್ತಿದ್ದೀವಿ. ಘಾಜಿ ನೋಡೋಕೆ ಆಗುತ್ತಾ?

ಘಾಜಿ ನೋಡಲು ಆಗುವುದಿಲ್ಲ. ಆದರೆ ಹೋಗಿ. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಆ ದಾರಿಯಲ್ಲೇ ಹೋಗುತ್ತದೆ. ಆರ್‌ಕೆ ಬೀಚಿನಲ್ಲಿ 1971ರ ವಿಜಯದ ಸ್ಮಾರಕವಿದೆ. ಅಲ್ಲೇ ಮರಳಿನ ಮೇಲೆ ಐಎನ್‌ಎಸ್ ಕುರ್ಸುರಾ ನಿಂತಿದೆ, 1969ರಿಂದ 2001ರವರೆಗೆ ಸೇವೆಯಲ್ಲಿದ್ದ ನಮ್ಮದೇ ಜಲಾಂತರ್ಗಾಮಿ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು.

ಕೋಣೆಯಿಂದ ಕೋಣೆಗೆ ಹೋಗಲು ದುಂಡನೆಯ ಕಿಂಡಿ. ಮೊದಲು ಒಂದು ಕಾಲು, ಆಮೇಲೆ ತಲೆ ಬಗ್ಗಿಸಿ ಬೆನ್ನು, ಆಮೇಲೆ ಇನ್ನೊಂದು ಕಾಲು. ಮಂಡಿ ನೋವಿರುವವರು ಯೋಚಿಸಿ ಹೊರಡಿ. ನನ್ನ ಹಣೆಗೆ ಒಂದು ಕವಾಟದ ಹಿಡಿ ಬಡಿದು ಎರಡು ದಿನ ಬುಗುಟು ಇತ್ತು. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆ, ಕೈ ಚಾಚಿದರೆ ಕೊಳವೆ. ಹೊರಗೆ ಬಂದು ಮುರಿ ಮಿಕ್ಸ್ಚರ್ ಪೊಟ್ಟಣ ಹಿಡಿದು ಕಡಲಿನ ಕಡೆ ಮುಖಮಾಡಿ ಕೂರಿ. ಬಂದರು ಬಲಗಡೆಗೆ, ಡಾಲ್ಫಿನ್ಸ್ ನೋಸ್ ಗುಡ್ಡದ ಮಗ್ಗುಲಲ್ಲಿ. ಹಡಗುಗಳು ಆ ಕಾಲುವೆಯಿಂದ ಒಂದೊಂದಾಗಿ ಈಚೆ ಬರುವುದು ಅಲ್ಲಿಂದಲೇ ಕಾಣುತ್ತದೆ.